ಅರಿಸಿನದ ಗೋಡೆ, ಬೂದಿಯ ಗೋಡೆ

ಮಳವಳ್ಳಿಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯ ಬಾಣಂತಿ ವಾರ್ಡಿಗೆ ಯಾವ ಬಣ್ಣ ಹೊಡೆಸಬೇಕೆಂದು ಹೇಳಲು ನನ್ನನ್ನು ಕರೆದಾಗ, ಅದು ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡೇ ಹೊರಟಿದ್ದೆ. ಮಂಡ್ಯದಿಂದ ಬೆಳಗಿನ ಬಸ್ಸು ಹತ್ತುವುದು, ಮದ್ದೂರಿನಲ್ಲಿ ಇಳಿದು ಒಂದು ಕಾಫಿ, ಅಲ್ಲಿಂದ ಮಳವಳ್ಳಿ ಬಸ್ಸು, ಶೇಡ್ ಕಾರ್ಡಿನ ಮೇಲೆ ಒಂದು ಬೆರಳು ಇಡುವುದು, ಸಂಜೆಗೆ ವಾಪಸ್ಸು. ಕೈಚೀಲದಲ್ಲಿ ಕನ್ನಡಕ, ನೀರಿನ ಬಾಟಲಿ ಮತ್ತು ಚೆನ್ನಾಗಿ ಒಗೆದ ಒಂದು ಬಿಳಿ ಟವೆಲ್ಲು. ಟವೆಲ್ಲು ಯಾಕೆಂದು ಆಮೇಲೆ ಹೇಳುತ್ತೇನೆ.

ಕರೆದವಳು ಅಲ್ಲಿನ ಡಾಕ್ಟರಮ್ಮ. ಮಂಡ್ಯದಲ್ಲಿ ನಾನು ಶಿಶುಗಳ ವಾರ್ಡಿನ ಸಿಸ್ಟರ್ ಆಗಿದ್ದಾಗ ಅವಳು ಹೌಸ್ ಸರ್ಜನ್. ಈಗ ಅವಳ ತಲೆಯಲ್ಲೂ ಬೆಳ್ಳಿ ಕೂದಲು. ಆದರೂ ನನ್ನ ಜೊತೆ ಫೋನಿನಲ್ಲಿ ಮಾತಾಡುವಾಗಲೂ ಎದ್ದು ನಿಂತೇ ಮಾತಾಡುತ್ತಾಳೆ ಎಂದು ನನಗೆ ಗುಮಾನಿ.

"ಸಿಸ್ಟರ್, ವಾರ್ಡು ಹೊಸದಾಗಿ ಕಟ್ಟಿದ್ದಾಯ್ತು. ಕಟ್ಟಿಸಿಕೊಟ್ಟೋರು ಬೆಳಕವಾಡಿಯ ಒಬ್ಬರು ಅಕ್ಕ. ಅವರಿಗೆ ಗೋಡೆ ಅರಿಸಿನದ ಬಣ್ಣವೇ ಆಗ್ಬೇಕಂತೆ. ನನಗೆ ತಿಳಿ ಬೂದು, ಲೈಟ್ ಗ್ರೇ ಇಷ್ಟ. ನೀವು ಬಂದು ಒಂದು ಹೇಳಿಬಿಟ್ರೆ ಅವರು ಒಪ್ಕೋತಾರೆ."

"ನಾನು ಅರಿಸಿನ ಅಂದ್ರೆ?"

"ಆಗ ನಾನು ಒಪ್ಕೋತೀನಿ," ಎಂದು ನಕ್ಕಳು.

ವಾರ್ಡು ನೋಡಿದರೆ ಸಂತೋಷವಾಯಿತು. ಉತ್ತರದ ಗೋಡೆಯ ನಟ್ಟನಡುವೆ ದೊಡ್ಡ ಕಿಟಕಿ. ನೇರ ಬಿಸಿಲು ಬೀಳದ, ಇಡೀ ದಿನ ಒಂದೇ ಹದದ ಬೆಳಕು ಕೊಡುವ ಕಿಟಕಿ. ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು ಮಂಚಗಳಿಗೆ ಜಾಗ. ಪೇಂಟರು ಎರಡು ಶೇಡುಗಳನ್ನು ಅಂಗೈ ಅಗಲಕ್ಕೆ ಬಳಿದು ನನಗಾಗಿ ಕಾಯುತ್ತಿದ್ದ. ಅರಿಸಿನದ ತುಂಡು ಗೋಡೆಯ ಮೇಲೆ ಬಿಸಿಲಿನ ಮಚ್ಚೆಯ ಹಾಗೆ ನಗುತ್ತಿತ್ತು. ಬೂದು ತುಂಡು ಇದೆಯೋ ಇಲ್ಲವೋ ಎನ್ನುವ ಹಾಗಿತ್ತು. ಹೇಳಿಬಿಡಲು ಬಾಯಿ ತೆರೆದವಳು ಮುಚ್ಚಿಕೊಂಡೆ.

ಹುಟ್ಟಿದ ಕೂಸುಗಳಲ್ಲಿ ಬಹಳಷ್ಟಕ್ಕೆ ಒಂದೆರಡು ದಿನದಲ್ಲಿ ಮೈ ತುಸು ಹಳದಿಯಾಗುತ್ತದೆ, ತಾನಾಗಿ ಇಳಿಯುತ್ತದೆ. ಕೆಲವಕ್ಕೆ ಇಳಿಯುವುದಿಲ್ಲ, ಏರುತ್ತದೆ. ಏರಿದ್ದನ್ನು ಹೊತ್ತಿಗೆ ಸರಿಯಾಗಿ ಹಿಡಿಯದಿದ್ದರೆ ಮಿದುಳಿಗೇ ಹೋಗಿ ಕೂರುತ್ತದೆ ಆ ಕಾಮಾಲೆ. ಚರ್ಮದ ಮೇಲಿಟ್ಟು ಅಳೆಯುವ ಮೀಟರು ಆ ಆಸ್ಪತ್ರೆಯಲ್ಲಿ ಇರಲಿಲ್ಲ. ರಕ್ತ ಪರೀಕ್ಷೆ ಉಂಟು, ಆದರೆ ಪುಟ್ಟ ಹಿಮ್ಮಡಿಗೆ ಸೂಜಿ ಚುಚ್ಚುವುದು ಕಣ್ಣಿಗೆ ಅನುಮಾನ ಬಂದ ಮೇಲೆ ತಾನೆ? ಮೊದಲು ನರ್ಸಿನ ಕಣ್ಣು. ಕಿಟಕಿಯ ಬೆಳಕಿನಲ್ಲಿ ಮೂಗಿನ ತುದಿ, ಎದೆ, ಹೊಟ್ಟೆ, ತೊಡೆ, ಹೀಗೆ ಮೇಲಿನಿಂದ ಕೆಳಕ್ಕೆ ಹೆಬ್ಬೆರಳಿನಿಂದ ಒತ್ತಿ ಬಿಡಬೇಕು. ರಕ್ತ ಸರಿದ ಆ ಕ್ಷಣದಲ್ಲಿ ಚರ್ಮ ಬಿಳುಪೋ ಹಳದಿಯೋ ನೋಡಬೇಕು. ಹಳದಿ ಕೆಳಗಿಳಿದಷ್ಟೂ ಅಪಾಯ ಹೆಚ್ಚು. ಇಷ್ಟು ಸೂಕ್ಷ್ಮದ ಕೆಲಸವನ್ನು ಮಾಡುವ ಕೋಣೆಯ ಬಣ್ಣವನ್ನು ಇಷ್ಟ ಕಷ್ಟದ ಮೇಲೆ ಆರಿಸಲು ಬರುವುದಿಲ್ಲ.

"ಅಂಗೈ ಅಗಲ ಸಾಲದು," ಎಂದೆ ಪೇಂಟರಿಗೆ. "ಕಿಟಕಿಯ ಈ ಕಡೆ ಗೋಡೆಯೆಲ್ಲ ಅರಿಸಿನ, ಆ ಕಡೆ ಗೋಡೆಯೆಲ್ಲ ಬೂದು. ಪ್ರೈಮರ್ ಮೇಲೆ ಎರಡೆರಡು ಕೋಟು."

ಅವನು ರೋಲರ್ ಕೆಳಗಿಟ್ಟ. "ಅಲ್ಲ ಕಣಮ್ಮ, ಅರ್ಧ ಅರಿಸ್ಣ ಅರ್ಧ ಬೂದಿ ಒಡುದ್ರೆ, ನೋಡ್ದೋರು ಪೇಂಟರು ಕುಡ್ದವ್ನೆ ಅಂತಾರೆ."

"ನರ್ಸಮ್ಮ ಹೇಳಿದ್ದು ಅಂತ ಹೇಳಪ್ಪ."

"ಆಗ ನಿಮ್ಮನ್ನೂ ಅಂತಾರೆ."

ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. "ಸಿಸ್ಟರ್, ಅಕ್ಕಂಗೆ ಬೇಜಾರು ಮಾಡೋದು ಬೇಡ. ಪುಣ್ಯಾತ್ಗಿತ್ತಿ, ಇಷ್ಟು ಮಾಡ್ಕೊಟ್ಟಿದಾರೆ."

"ಬೇಜಾರು ಮಾಡಲ್ಲ ಡಿಯರ್. ಟೆಸ್ಟ್ ಮಾಡ್ತೀನಿ. ಟೆಸ್ಟ್ ಅರಿಸಿನಾನೇ ಸರಿ ಅಂದ್ರೆ ನಾನೇ ಹೋಗಿ ಅವರಿಗೆ ಹೇಳ್ತೀನಿ."

ನಿಜಕ್ಕೂ ಹಾಗೆಯೇ ಅಂದುಕೊಂಡಿದ್ದೆ. ಅರಿಸಿನದ ಬಣ್ಣ ನನಗೂ ಇಷ್ಟವೇ. ಚಿಕ್ಕಂದಿನಲ್ಲಿ ನಾನಿದ್ದು ಓದಿದ ಕಾನ್ವೆಂಟಿನ ಸಿಕ್ ರೂಮ್ ಪೂರ್ತಿ ಬಿಳಿ. ಜ್ವರ ಬಂದು ಅಲ್ಲಿ ಮಲಗಿದಾಗಲೆಲ್ಲ ನಮ್ಮಮ್ಮನ ಅಡಿಗೆಮನೆಯ ಹೊಗೆ ಹಿಡಿದ ಗೋಡೆ ನೆನೆದು ಅತ್ತವಳು ನಾನು. ಗೋಡೆಯೂ ಮನುಷ್ಯರಿಗೆ ಜೊತೆ ಕೊಡುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆದರೆ ಅದೇ ಕಾನ್ವೆಂಟಿನಲ್ಲಿ ಹೊಲಿಗೆ ಕ್ಲಾಸಿನ ಸಿಸ್ಟರ್ ಒಬ್ಬರಿದ್ದರು. ಕಸೂತಿಗೆ ದಾರ ಹೊಂದಿಸುವಾಗ ಬೆಂಚಿನಲ್ಲೇ ಕೂತು ಆರಿಸಿದರೆ ಬೆರಳ ಗಂಟಿಗೆ ಸ್ಕೇಲಿನ ಏಟು. "ಬೈ ದಿ ವಿಂಡೋ, ಗರ್ಲ್ಸ್, ಬೈ ದಿ ವಿಂಡೋ!" ಎನ್ನುತ್ತಾ ನಮ್ಮನ್ನು ಕಿಟಕಿಯ ಕಡೆಗೆ ಓಡಿಸುತ್ತಿದ್ದರು. ಆ ಕೂಗು ಈ ವಯಸ್ಸಿನಲ್ಲೂ ಕಿವಿಯಿಂದ ಹೋಗಿಲ್ಲ.

ಬಣ್ಣ ಒಣಗಿತು. ವಾಸನೆ ಪೂರ್ತಿ ಹೋಗುವ ತನಕ ಕಿಟಕಿ ಬಾಗಿಲು ತೆರೆದಿಟ್ಟು ಕಾದೆವು. ಎಲೆಕ್ಟ್ರಿಷಿಯನ್ ಹಾಕಿದ್ದ ಹಳದಿ ಛಾಯೆಯ ಬಲ್ಬುಗಳನ್ನು ತೆಗೆಸಿ ಎರಡು ಕಡೆಗೂ ಒಂದೇ ಥರದ ಬಿಳಿ ಟ್ಯೂಬು ಹಾಕಿಸಿದೆ. ಇಲ್ಲದಿದ್ದರೆ ತಪ್ಪು ಗೋಡೆಯದೋ ದೀಪದ್ದೋ ತಿಳಿಯುತ್ತಿರಲಿಲ್ಲ. ಆಮೇಲೆ ಟವೆಲ್ಲು ಹೊರತೆಗೆದೆ. ಬೂದು ಗೋಡೆಯ ಹತ್ತಿರ ಹಿಡಿದರೆ ಟವೆಲ್ಲು ಟವೆಲ್ಲಾಗಿಯೇ ಇತ್ತು. ಅರಿಸಿನದ ಗೋಡೆಯ ಹತ್ತಿರ ಹಿಡಿದೆ. ಮಡಿಕೆಗಳ ಒಳಗೆಲ್ಲ ಬೆಣ್ಣೆ ಸವರಿದ ಹಾಗೆ ಹಳದಿ ತುಂಬಿಕೊಂಡಿತು. ಬೆಳಕು ಗೋಡೆಗೆ ಬಿದ್ದು ವಾಪಸ್ಸು ಬರುವಾಗ ಬರಿಗೈಲಿ ಬರುವುದಿಲ್ಲ, ಗೋಡೆಯ ಬಣ್ಣ ಹೊತ್ತುಕೊಂಡೇ ಬರುತ್ತದೆ.

ಟವೆಲ್ಲು ಕೂಸಲ್ಲ, ಕೂಸುಗಳ ಮೇಲೇ ನೋಡಬೇಕು ಎಂದೆ. ಡಾಕ್ಟರಮ್ಮ ಒಪ್ಪಿದಳು. ಬಾಣಂತಿಯರನ್ನು ಹೊಸ ವಾರ್ಡಿಗೆ ಕರೆತಂದು ಎರಡೂ ಸಾಲಿನಲ್ಲಿ ಮಲಗಿಸಿದೆವು. ಹಲಗೂರಿನ ಕಡೆಯಿಂದ ಬರುವ ಒಬ್ಬ ನರ್ಸು ಇದ್ದಳು, ಚುರುಕು ಕೈ, ಕೆಲಸದಲ್ಲಿ ಭಕ್ತಿ. ಅವಳೂ ನಾನೂ ಬೇರೆ ಬೇರೆಯಾಗಿ, ಒಬ್ಬರು ಇನ್ನೊಬ್ಬರಿಗೆ ಹೇಳದೆ, ಒಂದೇ ಕೂಸನ್ನು ಎರಡೂ ಗೋಡೆಯ ಬಳಿ ನೋಡುವುದು, ಅನುಮಾನ ಬಂದರೆ ರಕ್ತ ಕಳಿಸುವುದು ಎಂದು ಗೊತ್ತುಮಾಡಿಕೊಂಡೆವು. ಅದಕ್ಕೆಂದು ನಾನು ಮಂಡ್ಯದಿಂದ ದಿನಾ ಬರತೊಡಗಿದೆ.

ಎಡವಟ್ಟು ಎಲ್ಲಿಂದ ಬರಬಹುದೆಂದು ಎಣಿಸಿದ್ದೆನೋ ಅಲ್ಲಿಂದ ಬರಲಿಲ್ಲ. ಮಾರನೆಯ ಬೆಳಿಗ್ಗೆ ವಾರ್ಡಿಗೆ ಕಾಲಿಟ್ಟರೆ ಬೂದು ಕಡೆ ಪೂರ್ತಿ ಖಾಲಿ. ಮಂಚಗಳೆಲ್ಲ ಅರಿಸಿನದ ಕಡೆಗೆ ಹೋಗಿ, ಸಂತೆಯ ಗಾಡಿಗಳ ಹಾಗೆ ಒಂದಕ್ಕೊಂದು ತಾಗಿ ನಿಂತಿದ್ದವು.

"ಯಾರು ಎಳೆದದ್ದು?" ಎಂದೆ.

"ನಾವೇಯ," ಎಂದಳು ಒಬ್ಬ ಬಾಣಂತಿಯ ತಾಯಿ, ಸೊಂಟಕ್ಕೆ ಕೈ ಕೊಟ್ಟು. "ಬೂದಿ ಬಳ್ದಿರೋ ತಾವು ನನ್ ಮಗಳ್ನ ಮಲಗ್ಸಾಕಿಲ್ಲ ಕಣಮ್ಮ. ಎತ್ತೋಳು ಕಣ್ಬುಟ್ರೆ ಸುಡುಗಾಡು ಕಾಣ್ಬೇಕಾ?"

"ಬಣ್ಣಕ್ಕೆ ಏನಮ್ಮ, ಬೆಳಕು ಚೆನ್ನಾಗಿದೆಯಲ್ಲ."

"ಅಂಗಾದ್ರೆ ನಿಮ್ಮನೇಲಿ ಒಡುಸ್ಕಳಿ."

ವಾರ್ಡೆಲ್ಲ ನಕ್ಕಿತು. ನಾನೂ ನಗಬೇಕಾಯಿತು. ಮಂಚಗಳನ್ನು ವಾಪಸ್ಸು ತಳ್ಳಿಸಿದೆ. ಸಂಜೆಯ ಹೊತ್ತಿಗೆ ಅವು ಮತ್ತೆ ಅರಿಸಿನದ ಕಡೆಗೇ ನಡೆದಿದ್ದವು. ಸಾಲದ್ದಕ್ಕೆ, ಮನೆಯಿಂದ ಬಂದ ಅಜ್ಜಿಯರು ನನ್ನ ಕಣ್ಣು ತಪ್ಪಿಸಿ ಕೂಸುಗಳಿಗೆ ಅರಿಸಿನದೆಣ್ಣೆ ಸವರುತ್ತಿದ್ದರು. ಹತ್ತಿಯಲ್ಲಿ ಒರೆಸಿ ಒರೆಸಿ ನೋಡಬೇಕಿತ್ತು.

ಆ ವಾರವೇ ಬೆಳಕವಾಡಿಯ ಅಕ್ಕ ಬಂದರು. ನನಗಿಂತ ಹಿರಿಯರು, ನೆಟ್ಟಗಿನ ಬೆನ್ನು, ಗದ್ದೆ ತೋಟ ಎಲ್ಲ ತಾವೇ ನಿಂತು ನೋಡಿಕೊಳ್ಳುವವರು. ಬಾಗಿಲಲ್ಲೇ ನಿಂತು ಆ ಗೋಡೆ ಈ ಗೋಡೆ ನೋಡಿದರು.

"ಏನ್ ನರ್ಸಮ್ಮ ಇದು? ಮದ್ವೆಗೂ ತಿಥಿಗೂ ಒಂದೇ ಚಪ್ರ ಆಕ್ಸಿದ್ದೀರಾ?"

"ಪರೀಕ್ಷೆ ಮಾಡ್ತಾ ಇದೀವಿ ಅಕ್ಕ."

"ಗ್ವಾಡೆಗೇನು ಪರೀಕ್ಸೆ? ಅದೇನ್ ಎಸ್ಸೆಲ್ಸಿ ಓದ್ತಾ ಐತಾ? ಬ್ಯಾಗ ಮುಗ್ಸಿ ಅರಿಸ್ಣ ಬಳ್ಸಿ."

ಸ್ವಲ್ಪ ದಿನ ಕೊಡಿ ಎಂದು ಕೇಳಿಕೊಂಡೆ. ಕೊಟ್ಟರು, ಆದರೆ ಮುಖ ಗಂಟಾಗಿತ್ತು. ಮದ್ದೂರಿನಲ್ಲಿ ಬಸ್ಸಿಗೆ ಕಾಯುವಾಗ ನಾನೂ ಸೋಲಲು ಸಿದ್ಧಳಾಗುತ್ತಿದ್ದೆನೋ ಏನೋ. ಮಧ್ಯದ ದಾರಿಯೊಂದನ್ನು ಪೇಂಟರು ಹೇಳಿದ್ದ, ಕೆಳಗೆ ಬೂದು, ಸೊಂಟದ ಮೇಲಕ್ಕೆ ಅರಿಸಿನ ಎಂದು. ಒಂದು ದೊಡ್ಡ ರಟ್ಟಿಗೆ ಹಾಗೆಯೇ ಬಳಿಸಿ ಟವೆಲ್ಲು ಹಿಡಿದು ನೋಡಿದೆ. ಮೇಲಿನ ಹಳದಿ ಕೆಳಗಿನ ಟವೆಲ್ಲಿಗೆ ಇಳಿದೇ ಇಳಿಯಿತು. ಮೇಲಿರಲಿ ಕೆಳಗಿರಲಿ, ಒಳಗೆ ಇರುವ ತನಕ ಅದು ಒಳಗಿರುವುದಕ್ಕೆಲ್ಲ ತನ್ನ ಪಾಲು ಕೊಡುತ್ತದೆ.

ಪರೀಕ್ಷೆಯ ಫಲ ಮಾತ್ರ ವಿಚಿತ್ರವಾಗಿತ್ತು. ಮೊದಮೊದಲು ಅರಿಸಿನದ ಕಡೆ ನರ್ಸಿಗೆ ಎಲ್ಲ ಕೂಸುಗಳೂ ಹಳದಿಯಾಗಿ ಕಂಡವು. ಹೆದರಿ ರಕ್ತ ಕಳಿಸಿದಳು. ರಿಪೋರ್ಟು ನಾರ್ಮಲ್. ಮತ್ತೊಂದು ಕಳಿಸಿದಳು, ನಾರ್ಮಲ್. ಲ್ಯಾಬಿನವನು, "ಏನ್ ಸಿಸ್ಟರ್, ಮಕ್ಕಳಿಗೆಲ್ಲ ಸುಮ್ಸುಮ್ನೆ ಚುಚ್ತೀರಾ?" ಎಂದು ಗೇಲಿ ಮಾಡಿದನಂತೆ. ಡಾಕ್ಟರಮ್ಮ ಸಮಾಧಾನವಾಗಿ ಹೇಳಿದಳು, "ನೋಡಿ ಸಿಸ್ಟರ್, ಕೂಸು ಹಳದಿ ಕಾಣ್ತದೆ, ರಕ್ತ ಪರೀಕ್ಷೆ ಮಾಡ್ತೀವಿ, ಏನೂ ಇಲ್ಲ ಅಂತ ಗೊತ್ತಾಗ್ತದೆ. ಜಾಸ್ತಿ ಅಂದ್ರೆ ಒಂದು ಸೂಜಿ ಹೆಚ್ಚು. ಸೇಫ್ ಸೈಡ್ ಅಲ್ವಾ?"

ಅದಕ್ಕೆ ಉತ್ತರ ಸಿಕ್ಕಿದ್ದು ಹಲಗೂರು ಕಡೆಯ ಒಂದು ಹಳ್ಳಿಯ ಬಾಣಂತಿ ಮನೆಗೆ ಹೊರಡುವ ದಿನ.

ಕಾರು ಬಾಗಿಲಿಗೆ ಬಂದಿತ್ತು. ಅವಳ ಮಂಚ ಅರಿಸಿನದ ಗೋಡೆಗೇ ಅಂಟಿಕೊಂಡಿತ್ತು. ಕೂಸು ಅಚ್ಚುಕಟ್ಟಾಗಿ ಸುತ್ತಿಸಿಕೊಂಡು ನಿದ್ದೆಯಲ್ಲಿತ್ತು. "ಹಾಲು ಕುಡೀತಾ?" ಎಂದೆ. "ವಸಿ ಮಂದ ಕಣಮ್ಮ, ಬರೀ ನಿದ್ದೆ," ಎಂದಳು ತಾಯಿ. ನರ್ಸಿನ ಕಡೆ ನೋಡಿದೆ.

"ಇಲ್ಲೇ ನೋಡಿದೀನಿ ಮೇಡಂ, ಹೊರಡೋ ಗಡಿಬಿಡೀಲಿ ಆ ಗೋಡೆ ಹತ್ರ ಒಯ್ಯಲಿಲ್ಲ. ಹಳದಿ ಕಂಡ್ತು. ಅದು ಗೋಡೆ ಹೊಡೀತದೆ ಅಷ್ಟೆ, ದಿನಾ ಹಂಗೇ ಅಲ್ವಾ," ಎಂದಳು.

ತಾಯಿಯನ್ನು ಕೇಳಿ ಕೂಸನ್ನು ಎತ್ತಿಕೊಂಡೆ. ವಾರ್ಡಿನ ನಡುವೆ ದಾಟಿ ಬೂದು ಗೋಡೆಯ ಬಳಿ, ಕಿಟಕಿಯ ಪಕ್ಕ ಬಿಡಿಸಿದೆ. ಎಣ್ಣೆ ಒರೆಸಿದೆ. ಮೂಗಿನ ತುದಿ ಒತ್ತಿದೆ, ಹಳದಿ. ಎದೆ ಒತ್ತಿದೆ, ಹಳದಿ. ಹೊಟ್ಟೆ, ತೊಡೆ. ಮೊಣಕಾಲಿನ ತನಕ ಒತ್ತಿದಲ್ಲೆಲ್ಲ ಹಳದಿಯೇ. ಹಿಂದೆ ನಿಂತಿದ್ದ ನರ್ಸು ಡಾಕ್ಟರಮ್ಮನನ್ನು ಕರೆಯಲು ಓಡಿದಳು.

ಕಾರು ವಾಪಸ್ಸು ಹೋಯಿತು. ರಕ್ತದ ರಿಪೋರ್ಟು ಬರುವ ಮೊದಲೇ ಡಾಕ್ಟರಮ್ಮ ಕೂಸನ್ನು ಕಾಮಾಲೆ ಇಳಿಸುವ ನೀಲಿ ದೀಪದ ಕೆಳಗೆ ಮಲಗಿಸಿದಳು, ಕಣ್ಣಿಗೆ ಪಟ್ಟಿ ಕಟ್ಟಿ. ರಿಪೋರ್ಟು ಬಂದಾಗ ಅದನ್ನು ಓದಿ ಮಡಚಿ ಮೇಜಿನ ಮೇಲಿಟ್ಟು, "ಇನ್ನೊಂದು ದಿನ ಆಗಿದ್ರೆ..." ಎಂದಳು.

ನರ್ಸು ಅಳುತ್ತಿದ್ದಳು. ಅವಳನ್ನು ಬೈಯುವಂಥದ್ದು ಏನೂ ಇರಲಿಲ್ಲ. ಅರಿಸಿನದ ಗೋಡೆಯ ಕೇಡು ಏನೆಂದು ನನಗೆ ಆವತ್ತು ಪೂರ್ತಿ ಅರ್ಥವಾಯಿತು. ಮೊದಲು ಅದು ಇಲ್ಲದ ಹಳದಿಯನ್ನು ತೋರಿಸಿ ಹೆದರಿಸುತ್ತದೆ. ಹೆದರಿ ಹೆದರಿ ಸಾಕಾದ ಮೇಲೆ, ಇರುವ ಹಳದಿಯನ್ನೂ ಕಣ್ಣು ನಂಬುವುದಿಲ್ಲ. ಸೇಫ್ ಸೈಡ್ ಎನ್ನುವುದು ಆ ಕೋಣೆಯಲ್ಲಿ ಇರಲೇ ಇಲ್ಲ.

"ಇಡೀ ಕೋಣೆ ಬೂದು," ಎಂದೆ ಡಾಕ್ಟರಮ್ಮನಿಗೆ. "ಪರದೆಯಲ್ಲಿ, ಹಾಸಿಗೆಯಲ್ಲಿ, ಹೊದಿಕೆಯಲ್ಲಿ, ಎಲ್ಲೂ ಹಳದಿ ಕೂಡದು. ಅಕ್ಕನಿಗೆ ನಾನೇ ಹೇಳ್ತೀನಿ. ಮನೆಗೆ ಹೋಗಿ ಅಲ್ಲ, ಇಲ್ಲೇ, ಗೋಡೆ ಮುಂದೆ."

ಅವರು ಮಾರನೆಯ ದಿನ ಬಂದರು. ಕೂಸಿನ ಸುದ್ದಿ ಕಿವಿಗೆ ಬಿದ್ದಿತ್ತು. ನೀಲಿ ದೀಪದ ಕೆಳಗಿದ್ದ ಕೂಸನ್ನು ಗಾಜಿನಾಚೆಯಿಂದ ನೋಡಿ, ವಾರ್ಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ನಾನು ಟವೆಲ್ಲು ತೋರಿಸಿದೆ, ಈ ಗೋಡೆಯ ಹತ್ತಿರ, ಆ ಗೋಡೆಯ ಹತ್ತಿರ. ಅವರು ನೋಡಿದರು, ಆದರೆ ಮಣಿಯಲಿಲ್ಲ.

"ಟವಲ್ಲು ಎಂಗಾದ್ರೂ ಕಾಣ್ಲಿ. ಉಟ್ಟಿದ್ ಮನೇಲಿ ಬೂದಿ ಬಳ್ಯಾಕೆ ನನ್ ಕೈಲಿ ಆಗಾಕಿಲ್ಲ ನರ್ಸಮ್ಮ."

"ಅಕ್ಕ, ಸೀರೆ ಅಂಗಡಿಯಲ್ಲಿ ಸೀರೆ ಆರಿಸಿದ ಮೇಲೆ ಏನು ಮಾಡ್ತೀರಿ?"

"ಏನ್ ಮಾಡೋದು, ಬಾಗ್ಲಾಚೆ ತಂದು ನೋಡೋದು. ಅಂಗ್ಡಿ ಲೈಟ್ಗೆ ಎಲ್ಲಾ ಸೀರೇನೂ ಧಾರೆ ಸೀರೆ ಅಂಗೇ ಕಾಣೋದು."

"ಹಂಗಾದ್ರೆ ಈ ಕೂಸುಗಳನ್ನೂ ದಿನಾ ಬಾಗಿಲಾಚೆ ತಂದು ಬಿಸಿಲಲ್ಲಿ ನೋಡಲಾ?"

"ಬುಡ್ತು ಅನ್ನಿ!" ಎಂದು ಗದರಿದರು. "ಅಸೀ ಮೈ ಕೂಸು, ಗಾಳಿ ಬಡ್ದ್ರೆ?"

"ಬಿಡ್ತು. ಕೂಸನ್ನ ಬೆಳಕಿಗೆ ತರೋಕಾಗಲ್ಲ ಅಂದ್ರೆ ಬೆಳಕನ್ನೇ ಒಳಗೆ ತರಬೇಕಲ್ಲ ಅಕ್ಕ. ತಂದ ಬೆಳಕಿಗೆ ದಾರೀಲಿ ಯಾರೂ ಬಣ್ಣ ಬೆರೆಸಬಾರದು. ನನಗೆ ಬೇಕಾಗಿರೋದು ಅಂಥ ಗೋಡೆ."

ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ನಾನು ಎತ್ತಿದ್ದೆಲ್ಲ ಕತ್ಲು ಕೋಣೇಲಿ ನರ್ಸಮ್ಮ. ಗೂಡಿನಷ್ಟು ಕಿಟ್ಕಿ, ಅದ್ಕೂ ಗೋಣಿ ತಾಟು ಮುಚ್ಚೋರು. ನಡ್ಲದು ಗಂಡು. ಉಟ್ದಾಗ ಮೇಕೆ ಮರಿ ಅಂಗೆ ಕೂಗ್ತಿತ್ತು. ಆಮೇಲಾಮೇಲೆ ಕೂಗ್ನೇ ಇಲ್ಲ. ಎದೆಗಿಟ್ರೆ ಬಾಯ್ ತಗೀತಿರ್ನಿಲ್ಲ, ಬರೀ ನಿದ್ದೆ. ನಮ್ಮತ್ತೆ, 'ಸಾದು ಕೂಸು ಕಣೇ ಇದು' ಅಂತಿದ್ರು. ಕತ್ಲಲ್ಲಿ ಯಾರ್ಗೆ ಏನ್ ಕಂಡಾತು? ಅದ್ಕೇಯ ಅರಿಸ್ಣದ ಬಣ್ಣ ಅಂದಿದ್ದು. ಬೆಳಗಾದಂಗೆ ಇರ್ಲಿ ಅಂತ." ನನ್ನ ಮುಖ ನೋಡಿದರು. "ಅದ್ಕೂ ಇದೇ ಆಗಿತ್ತಾ?"

ಹಾಲಿಗೆ ಬಾಯಿ ತೆಗೆಯದ, ಅಳದ, ನಿದ್ದೆ ಬಿಡದ ಕೂಸುಗಳನ್ನು ನಾನು ನೋಡಿದ್ದೇನೆ. ನನ್ನ ಮನಸ್ಸಿನಲ್ಲಿ ಒಂದು ಉತ್ತರ ಇತ್ತು.

"ಮೈ ಹಳದಿಯಾಗಿತ್ತಾ ಅಕ್ಕ?" ಎಂದೆ.

"ಮಣ್ಗೆ ಇಡಾಕೆ ಆಚೆ ತಂದಾಗ ಮೈಗೆಲ್ಲ ಅರಿಸ್ಣ ಬಳ್ದಿದ್ರು."

"ಹಂಗಾದ್ರೆ ಗೊತ್ತಿಲ್ಲ ಅಕ್ಕ. ನೋಡದೆ ಹೇಳಬಾರದು."

ಅವರು ತಲೆಯಾಡಿಸಿದರು. ಎದ್ದು ಬೂದು ಗೋಡೆಯ ಹತ್ತಿರ ಹೋಗಿ ಅಂಗೈಯನ್ನು ಅದರ ಮೇಲೆ ನಿಧಾನವಾಗಿ ಆಡಿಸಿದರು, ಬಟ್ಟೆಯ ನೇಯ್ಗೆ ನೋಡುವವರ ಹಾಗೆ. ಆಮೇಲೆ ಅಂಗೈ ತಿರುಗಿಸಿ ನೋಡಿಕೊಂಡರು.

"ಇದ್ನ ಬೂದಿ ಅಂದೋರ್ ಯಾರು?" ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಕೇಳಿದರು. "ರಾಗಿ ಇಟ್ಟು ಕಣ್ರವ್ವ ಇದು. ಜಲ್ಡಿ ಆಡ್ದಾಗ ಕೈಗ್ ಅಂಟ್ಕಳಲ್ವಾ, ಆ ಬಣ್ಣ. ದಿನಾ ಉಣ್ಣೋದು ಮರ್ತೋಯ್ತಾ ನಿಮ್ಗೆ?"

ಮಂಚ ಎಳೆಸಿದ್ದ ಆ ತಾಯಿ ಗೋಡೆಯನ್ನು ಓರೆಯಾಗಿ ನೋಡಿ, "ಅಂಗಂದ್ರೆ ಅಂಗೇ ಕಾಣ್ತದೆ ಬುಡಿ," ಎಂದಳು.

"ಆದ್ರೆ ನರ್ಸಮ್ಮ," ಎಂದು ಅಕ್ಕ ನನ್ನ ಕಡೆ ತಿರುಗಿದರು, "ಒಸ್ಲಿಗೆ ಅರಿಸ್ಣ ಇಲ್ದೆ ಮನೆ ಉಂಟಾ? ಬಾಗ್ಲಿಗಾದ್ರೂ ನನ್ ಬಣ್ಣ ಬೇಕು."

ಟವೆಲ್ಲು ಹಿಡಿದು ಆ ಬೇಡಿಕೆಯನ್ನೂ ಪರೀಕ್ಷೆ ಮಾಡಿದೆ, ಬಿಡುವವಳೇ ನಾನು! ಹೊಸ್ತಿಲು ಮತ್ತು ಬಾಗಿಲಿನ ಹೊರಮೈ ಅರಿಸಿನ, ಒಳಮೈ ರಾಗಿಹಿಟ್ಟು. ತೆರೆದಾಗ ಅರಿಸಿನದ ಮೈ ಕೋಣೆಯೊಳಗೆ ಬರದಂತೆ, ಬಾಗಿಲು ಹೊರಕ್ಕೆ ತೆರೆಯುವ ಹಾಗೆ ಕೀಲು ಬದಲಿಸಬೇಕೆಂದೆ. ಪೇಂಟರು ಹಣೆ ಚಚ್ಚಿಕೊಂಡು, "ನನ್ ಮದ್ವೇಲೂ ಇಷ್ಟು ಸಾಸ್ತ್ರ ಇರ್ನಿಲ್ಲ," ಎಂದ. ಆದರೂ ಎರಡು ಕೋಟು ಚೆನ್ನಾಗಿಯೇ ಹೊಡೆದ.

ಹಲಗೂರು ಕಡೆಯ ಆ ಕೂಸು ನೀಲಿ ದೀಪದಿಂದ ಎದ್ದು, ಗಟ್ಟಿಯಾಗಿ ಅಳುತ್ತಾ, ಅರಿಸಿನದ ಬಾಗಿಲು ದಾಟಿ ಮನೆಗೆ ಹೋಯಿತು. ಅದರ ಅಳುವನ್ನು ಕೇಳುತ್ತಾ ನರ್ಸು ಬಾಗಿಲಲ್ಲಿ ನಿಂತೇ ಇದ್ದಳು.

ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಆದರೂ ಕೆಲವು ವಾರ ಕಳೆದ ಮೇಲೆ, ಕೆಲಸವಿಲ್ಲದೆಯೂ, ಅದೇ ಬೆಳಗಿನ ಬಸ್ಸು ಹತ್ತಿದೆ. ಮಳವಳ್ಳಿ ತಲುಪಿ ವಾರ್ಡಿನ ಬಾಗಿಲು ತೆರೆದರೆ ಎರಡೂ ಸಾಲಿನಲ್ಲಿ ಮಂಚಗಳು ತಮ್ಮ ತಮ್ಮ ಜಾಗದಲ್ಲಿದ್ದವು. ಕಿಟಕಿಯ ಬಳಿ ಬೆಳಕವಾಡಿಯ ಅಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದರು. ಬೆಣ್ಣೆಯಂಥ ಒಂದು ಕೂಸನ್ನು ಎತ್ತಿಕೊಂಡು ಹೊಸ ಬಾಣಂತಿಯೊಬ್ಬಳು ಮಂಚದ ಬಳಿಯೇ ನರ್ಸಿಗೆ ತೋರಿಸಲು ಹೊರಟಿದ್ದಳು.

"ಅಲ್ಲಲ್ಲ ಕಣವ್ವ," ಎಂದರು ಅಕ್ಕ. "ಕಿಟ್ಕಿ ತಾವ್ ಬಾ, ಕಿಟ್ಕಿ ತಾವ್!"

ಬಾಗಿಲಲ್ಲಿ ನನ್ನ ಕಾಲು ನಿಂತಿತು. ಬೆರಳ ಗಂಟು ಜುಮ್ಮೆಂದಿತು.

ನರ್ಸು ಕೂಸನ್ನು ಬಿಡಿಸಿ ಮೂಗಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಅಕ್ಕ ಮುಂದಕ್ಕೆ ಬಗ್ಗಿದರು, ನಾನೂ ಬಗ್ಗಿದೆ. ಒತ್ತಿದ ಜಾಗದಲ್ಲಿ ತಿಳಿ ಬಿಳುಪು, ಅದರ ಮೇಲೆ ನಿಧಾನವಾಗಿ ಕೆಂಪು ತುಂಬಿಕೊಂಡಿತು.

"ಚೆನ್ನಾಗೈತೆ," ಎಂದರು ಅಕ್ಕ. "ಮುಂದಿನ್ ಕೂಸ್ ತಕಂಬನ್ನಿ."